ಸಿ ರಾಜ್ಯ

ಕೊಡಗಿನಲ್ಲಿ ಎಂಬತ್ತು ದಾಟಿದ ಹಿರಿಯರ ಜತೆ ಮಾತಿಗೆ ಕೂತರೆ ‘ಸಿ ರಾಜ್ಯ ಇದ್ದಾಗ’ ಎಂಬ ಮಾತು ಒಮ್ಮೆಯಾದರೂ ಬರುತ್ತದೆ. ಕೇಳುವ ಮಕ್ಕಳಿಗೆ ಈ ‘ಸಿ’ ಏನೆಂದು ಗೊತ್ತಿರುವುದಿಲ್ಲ.

1950ರಲ್ಲಿ ಜಾರಿಗೆ ಬಂದ ಸಂವಿಧಾನ ರಾಜ್ಯಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತ್ತು. ಮದ್ರಾಸ್, ಬೊಂಬಾಯಿಯಂಥ ಹಳೆಯ ಪ್ರಾಂತ್ಯಗಳು ಎ. ಮೈಸೂರು, ಹೈದರಾಬಾದ್ ಬಿ. ಕೇಂದ್ರವೇ ಚೀಫ್ ಕಮಿಷನರ್ ಮೂಲಕ ಆಳುತ್ತಿದ್ದ ಕೊಡಗು, ದೆಹಲಿ, ಅಜ್ಮೀರ್ ಮುಂತಾದವು ಸಿ. ಅಂದರೆ ಮಡಿಕೇರಿ ಒಂದು ಪೂರ್ತಿ ರಾಜ್ಯದ ರಾಜಧಾನಿ.

ರಾಜಧಾನಿ ಎಂಬ ಪಟ್ಟ ಮಡಿಕೇರಿಗೆ ಹೊಸದಲ್ಲ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಕಾಲದಿಂದಲೂ ಅದು ಇತ್ತು. ಆದರೆ ಊರಿಗೆ ಪಟ್ಟ ಸಿಕ್ಕಿತೆಂದು ಊರಿನವರಿಗೆ ಹಕ್ಕು ಸಿಗಲಿಲ್ಲ. 1834ರಲ್ಲಿ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿ ಪದಚ್ಯುತಗೊಳಿಸಿತು. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿದ ಮೇಲಂತೂ ದಶಕಗಳ ಕಾಲ ಬೆಂಗಳೂರಿನ ಬ್ರಿಟಿಷ್ ರೆಸಿಡೆಂಟನೇ, ಅಂದರೆ ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿಯೇ, ಕೊಡಗಿನ ಚೀಫ್ ಕಮಿಷನರ್. ರಾಜಧಾನಿ ಮಡಿಕೇರಿ, ಕೊನೆಯ ಮಾತು ಬೆಂಗಳೂರಿನದು. 1924ರಲ್ಲಿ ಶಾಸನ ಪರಿಷತ್ತು ಬಂತು. ಮತ ಮಾತ್ರ ಅರ್ಹತೆ ಇದ್ದ ಕೆಲವರಿಗೆ.

ಆದ್ದರಿಂದ 1952ರ ಚುನಾವಣೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ತೋಟದ ಯಜಮಾನನಿಗೂ ಲೈನ್‌ಮನೆಯ ಕೂಲಿ ಹೆಂಗಸಿಗೂ ಒಂದೊಂದೇ ಮತ. ಕೊಡಗು ವಿಧಾನಸಭೆಯ 24 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 15. ಮೈಸೂರಿನೊಂದಿಗೆ ವಿಲೀನ ಬೇಡವೆಂದು ಪಂದ್ಯಂಡ ಬೆಳ್ಯಪ್ಪನವರ ಮುಂದಾಳತ್ವದಲ್ಲಿ ನಿಂತ ತಕ್ಕಡಿ ಪಕ್ಷಕ್ಕೆ 9. ಚೆಪ್ಪುಡೀರ ಪೂಣಚ್ಚ ಮುಖ್ಯಮಂತ್ರಿ, ಕುಟ್ಟೂರು ಮಲ್ಲಪ್ಪ ಇನ್ನೊಬ್ಬ ಮಂತ್ರಿ. ಸಂಪುಟವೆಂದರೆ ಇಬ್ಬರೇ! ಮಡಿಕೇರಿ ಕೋಟೆಯೊಳಗಿನ ಆ ವಿಧಾನಸಭೆಯ ಸಭಾಂಗಣವನ್ನು ಇಂದಿಗೂ ‘ಹಳೆ ವಿಧಾನಸಭಾಂಗಣ’ ಎಂದೇ ಕರೆಯುತ್ತಾರೆ.

ಹಾಗೆಂದು ಆ ಕಾಲವನ್ನು ಅತಿಯಾಗಿ ಹೊಗಳುವುದೂ ಸರಿಯಲ್ಲ. ಸಿ ರಾಜ್ಯಗಳ ಆಡಳಿತಕ್ಕೆಂದು ಮಾಡಿದ 1951ರ ಕಾಯ್ದೆಯ ಪ್ರಕಾರ ಮಂತ್ರಿಮಂಡಲದ ಸಭೆಗೆ ಚೀಫ್ ಕಮಿಷನರ್ ಬಂದರೆ ಅಧ್ಯಕ್ಷತೆ ಅವರದೇ. ಸಭೆ ಒಪ್ಪಿದ ಮಸೂದೆ ದೆಹಲಿಗೆ ಹೋಗಿ ರಾಷ್ಟ್ರಪತಿಗಳ ಅಂಕಿತ ಪಡೆಯಬೇಕು. ರಾಜ್ಯಸಭೆಯಲ್ಲಿ ಅಜ್ಮೀರ್‌ಗೂ ಕೊಡಗಿಗೂ ಸೇರಿ ಒಂದೇ ಸ್ಥಾನ. ಜನ ಆರಿಸಿದ ಸರ್ಕಾರ ಇತ್ತು, ಲಗಾಮು ಮಾತ್ರ ಕೇಂದ್ರದ ಕೈಯಲ್ಲಿತ್ತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯೊಂದಿಗೆ ಎ, ಬಿ, ಸಿ ಭೇದವೇ ಅಳಿಯಿತು. ಕೊಡಗು ಮೈಸೂರು ರಾಜ್ಯದ ಜಿಲ್ಲೆಯಾಯಿತು. ದೆಹಲಿಯವರೂ ಆಗಲೇ ತಮ್ಮ ವಿಧಾನಸಭೆ ಕಳೆದುಕೊಂಡರು. ಅವರಿಗದು ಮರಳಿ ಸಿಕ್ಕಿದ್ದು 1993ರಲ್ಲಿ.

ಹಿರಿಯರ ಮಾತನ್ನು ಬರೀ ಹಳೆಯ ವೈಭವದ ಹಂಬಲವೆಂದು ತಳ್ಳಿಹಾಕುವವರು ಈ ಲೆಕ್ಕ ನೋಡಬೇಕು. 1951ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 2.29 ಲಕ್ಷ, ಶಾಸಕರು 24. ಹತ್ತು ಸಾವಿರ ಜನಕ್ಕೆ ಒಬ್ಬರಿಗಿಂತ ತುಸು ಹೆಚ್ಚೇ. 2008ರಲ್ಲಿ ಸೋಮವಾರಪೇಟೆ ಕ್ಷೇತ್ರ ಹೋದ ಮೇಲೆ ಉಳಿದಿರುವುದು ಮಡಿಕೇರಿ, ವಿರಾಜಪೇಟೆ ಎರಡೇ. 2011ರ ಜನಗಣತಿಯ 5.54 ಲಕ್ಷ ಜನರಿಗೆ ಈಗ ಇಬ್ಬರು ಶಾಸಕರು, 224 ಸದಸ್ಯರ ಸದನದಲ್ಲಿ. ‘ಸಿ ರಾಜ್ಯ ಇದ್ದಾಗ’ ಎನ್ನುವ ಹಿರಿಯರು ನೆನೆಯುವುದು, ಅಹವಾಲು ಹಿಡಿದು ಬೆಳಿಗ್ಗೆ ಹೊರಟವರು ಮಂತ್ರಿಯನ್ನೇ ಕಂಡು ಸಂಜೆಗೆ ಮನೆ ಸೇರಬಹುದಾಗಿದ್ದ ಆ ನಾಲ್ಕು ವರ್ಷಗಳನ್ನು.