ಸರ್ಪಗಂಧದ ಬೇರು ನರತುದಿಯಲ್ಲಿ ಮಾಡುವ ಕೆಲಸ

ಸರ್ಪಗಂಧದ ಬೇರು ಕೊಟ್ಟಾಗ 50 ರೋಗಿಗಳ ರಕ್ತದೊತ್ತಡ ಹೇಗೆ ಬದಲಾಯಿತೆಂಬುದನ್ನು ಮುಂಬೈನ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಒತ್ತಡ ಇಳಿಯುತ್ತದೆ ಎಂಬುದು ಸ್ಪಷ್ಟವಿತ್ತು. ಏಕೆ ಇಳಿಯುತ್ತದೆ ಎಂದು ಹೇಳಬಲ್ಲವರು ಆಗ ಯಾರೂ ಇರಲಿಲ್ಲ. ಕನ್ನಡದಲ್ಲಿ ಸೂತ್ರನಾಭಿ ಎಂದೂ ಕರೆಸಿಕೊಳ್ಳುವ ಈ ಗಿಡವನ್ನು ನಾಟಿ ವೈದ್ಯರು ಬಹುಕಾಲದಿಂದ ಹಾವಿನ ಕಡಿತಕ್ಕೂ ಬುದ್ಧಿಭ್ರಮಣೆಗೂ ಬಳಸುತ್ತಿದ್ದರು. ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಗುಣಗಳ ಬಗ್ಗೆ 1931ರಲ್ಲೇ ಬರೆದಿದ್ದರು. ಇಂದು ಬೆಂಗಳೂರಿನಲ್ಲಿ ನೆಲೆಯಾಗಿರುವ ಹಿಮಾಲಯ ಕಂಪನಿ 1934ರಲ್ಲಿ ಅದನ್ನು ಸರ್ಪಿನಾ ಎಂಬ ಮಾತ್ರೆಯಾಗಿ ಹೊರತಂದಿತ್ತು. ಆದರೂ ಪಾಶ್ಚಾತ್ಯ ವೈದ್ಯರು ಬೇರನ್ನು ಗಂಭೀರವಾಗಿ ತೆಗೆದುಕೊಂಡದ್ದು ವಕೀಲ್ ಅವರ ಲೇಖನದ ನಂತರ. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರಿಸರ್ಪಿನ್ ಎಂಬ ಸಾರವನ್ನು 1952ರಲ್ಲಿ ಬೇರ್ಪಡಿಸಿತು.

ಹೃದಯದ ಬಡಿತವನ್ನು ಏರಿಸುವ, ರಕ್ತನಾಳಗಳನ್ನು ಬಿಗಿಗೊಳಿಸುವ ಅನುವೇದನಾ ನರಗಳು, ಅಂದರೆ ವೈದ್ಯರು ಸಿಂಪಥೆಟಿಕ್ ಎನ್ನುವ ನರಗಳು, ತಮ್ಮ ಸಂದೇಶವನ್ನು ನಾರ್‌ಅಡ್ರಿನಲಿನ್ ಮೂಲಕ ದಾಟಿಸುತ್ತವೆ ಎಂಬುದನ್ನು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1946ರಲ್ಲಿ ತೋರಿಸಿದ್ದರು. ಈ ರಾಸಾಯನಿಕ ನರದ ತುದಿಯಲ್ಲಿ ಅತಿ ಸೂಕ್ಷ್ಮ ಚೀಲಗಳೊಳಗೆ ಸಂಗ್ರಹವಾಗಿರುತ್ತದೆ. ಅದನ್ನು ಚೀಲದೊಳಕ್ಕೆ ಸಾಗಿಸುವುದು ಚೀಲದ ಪೊರೆಯಲ್ಲಿರುವ ಒಂದು ಪ್ರೋಟೀನು. ರಿಸರ್ಪಿನ್ ಆ ಪ್ರೋಟೀನಿಗೆ ಅಂಟಿಕೊಂಡರೆ ಮತ್ತೆ ಬಿಡುವುದಿಲ್ಲ. ಹೊರಗೇ ಉಳಿದ ನಾರ್‌ಅಡ್ರಿನಲಿನ್ಅನ್ನು ನರತುದಿಯ ಕಿಣ್ವ ಒಡೆದುಹಾಕುತ್ತದೆ. ಮೆದುಳಿನ ಆಜ್ಞೆ ತುದಿಯವರೆಗೂ ಬರುತ್ತದೆ, ಬಿಡುಗಡೆ ಮಾಡಲು ಸರಕೇ ಇರುವುದಿಲ್ಲ. ಸಂಗ್ರಹ ಬರಿದಾಗಲು ಸಮಯ ಬೇಕಾದ್ದರಿಂದ ಪೂರ್ಣ ಪರಿಣಾಮ ಕಾಣಲು ವಾರಗಳೇ ಹಿಡಿಯುತ್ತವೆ, ಮಾತ್ರೆ ನಿಲ್ಲಿಸಿದ ಮೇಲೂ ಅದು ಕೆಲಕಾಲ ಉಳಿಯುತ್ತದೆ.

ಈ ಔಷಧಿಗೆ ಅಂಗಾಂಗಗಳ ಭೇದವಿಲ್ಲ. ಮೂಗಿನ ರಕ್ತನಾಳಗಳೂ ಸಡಿಲಗೊಂಡು ಮೂಗು ಕಟ್ಟುತ್ತದೆ, ಜಠರದಲ್ಲಿ ಆಮ್ಲ ಹೆಚ್ಚುತ್ತದೆ, ಕೆಲವರಲ್ಲಿ ಖಿನ್ನತೆಯೂ ಕಾಣಿಸಿಕೊಂಡಿತು. ಈ ಕೊನೆಯ ದೂರೇ ವಿಜ್ಞಾನಕ್ಕೆ ಹೆಚ್ಚು ಫಲ ಕೊಟ್ಟಿತೆನ್ನಬೇಕು. ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ 1957ರಲ್ಲಿ ರಿಸರ್ಪಿನ್ ಕೊಟ್ಟ ಮೊಲಗಳನ್ನು ಗಮನಿಸಿದರು: ಅವು ಕಿವಿ ಇಳಿಬಿಟ್ಟು, ಅಲುಗದೆ ಬಿದ್ದಿದ್ದವು. ಮೆದುಳಿನಲ್ಲಿ ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕವಾಗಿ ಬದಲಾಗುವ ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡತೊಡಗಿದವು. ಮೆದುಳಿನಲ್ಲಿ ಡೋಪಮೈನ್‌ಗೆ ಸ್ವತಂತ್ರ ಪಾತ್ರವಿದೆ ಎಂಬ ತಿಳಿವಳಿಕೆ, ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆ ಎರಡಕ್ಕೂ ಈ ಪ್ರಯೋಗ ದಾರಿಮಾಡಿತು. ಕಾರ್ಲ್ಸನ್‌ಗೆ 2000ದಲ್ಲಿ ನೊಬೆಲ್ ಸಂದಿತು.

ರಕ್ತದೊತ್ತಡದ ಚಿಕಿತ್ಸೆ ಮಾತ್ರ ಬೇರೆ ದಾರಿ ಹಿಡಿಯಿತು. ನರದ ಸಂದೇಶವನ್ನು ಬರಮಾಡಿಕೊಳ್ಳಲು ಅಂಗಗಳ ಮೇಲಿರುವ ಗ್ರಾಹಕಗಳು ಆಲ್ಫಾ, ಬೀಟಾ ಎಂದು ಎರಡು ಬಗೆಯವೆಂದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲೇ ಹೇಳಿದ್ದರು. ಅದನ್ನು ಆಧರಿಸಿ ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ ಪ್ರೊಪ್ರನೊಲಾಲ್, ಸಂಗ್ರಹವನ್ನು ಮುಟ್ಟದೆ, ಬೀಟಾ ಗ್ರಾಹಕಗಳನ್ನಷ್ಟೇ ಮುಚ್ಚುತ್ತದೆ. ಅದರಲ್ಲೂ ತೊಡಕಿತ್ತು: ಶ್ವಾಸನಾಳಗಳ ಬೀಟಾ ಗ್ರಾಹಕಗಳೂ ಮುಚ್ಚುವುದರಿಂದ ಆಸ್ತಮಾ ಇರುವವರಿಗೆ ಅದು ಅಪಾಯಕಾರಿ. ಹೃದಯದ ಗ್ರಾಹಕಗಳತ್ತಲೇ ಹೆಚ್ಚು ಒಲಿದ ಅಟೆನೊಲಾಲ್‌ನಂಥವು ಆಮೇಲೆ ಬಂದವು.

ರಿಸರ್ಪಿನ್ ಈಗ ವೈದ್ಯರ ಚೀಟಿಗಳಲ್ಲಿ ಅಪರೂಪ. ಅದು ತಡೆಯುತ್ತಿದ್ದ ಪ್ರೋಟೀನನ್ನೇ, ಮುಖ್ಯವಾಗಿ ಮೆದುಳಿನಲ್ಲಿ ಮತ್ತು ತಾತ್ಕಾಲಿಕವಾಗಿ, ತಡೆಯುವ ಟೆಟ್ರಾಬೆನಜೀನ್ ಅನ್ನು ಹಂಟಿಂಗ್ಟನ್ ಕಾಯಿಲೆಯ ಅನೈಚ್ಛಿಕ ಚಲನೆಗಳನ್ನು ಹತೋಟಿಯಲ್ಲಿಡಲು ಇಂದಿಗೂ ಕೊಡುತ್ತಾರೆ.