ಲಸಿಕೆ ಹಾಕಿಸಿದ ಮೇಲೆ ಆಗಿದ್ದೆಲ್ಲ ಲಸಿಕೆಯಿಂದಲೇ ಆಗಿದ್ದಲ್ಲ

"ಡಾಕ್ಟ್ರೇ, ಈ ಇಂಜೆಕ್ಷನ್ ಹಾಕಿಸಿದ ಮೇಲೆ ಕೆಲವು ಮಕ್ಕಳು ಮಾತಾಡೋದೇ ನಿಲ್ಲಿಸಿಬಿಡ್ತಾರಂತೆ, ಹೌದಾ?"

ಮಕ್ಕಳ ಡಾಕ್ಟರಿಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಮಗುವಿಗೆ ಸೂಜಿ ಚುಚ್ಚಿಸುವ ಮುಂಚೆ ನಾಲ್ಕು ಪ್ರಶ್ನೆ ಕೇಳುವ ಅಪ್ಪ ಅಮ್ಮ ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ. ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದು ನಮ್ಮ ಕೆಲಸ.

ಈ ಮಾತು ಹುಟ್ಟಿದ್ದು 1998ರಲ್ಲಿ. ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟನ್ನಿನ ವೈದ್ಯರು 12 ಮಕ್ಕಳ ಬಗ್ಗೆ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಟ್ಟಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ (ಮಗುವಿನ ಮಾತು, ಬೇರೆಯವರೊಡನೆ ಬೆರೆಯುವ ರೀತಿ ಬೇರೆಯಾಗಿರುವ ಸ್ಥಿತಿ) ನಂಟಿದೆ ಎಂಬ ಗುಮಾನಿ ಅಲ್ಲಿಂದ ಹರಡಿತು. ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕಲು ಸಿದ್ಧವಾಗುತ್ತಿದ್ದ ವಕೀಲರ ಕಡೆಯಿಂದ ಅವರಿಗೆ ಹಣ ಬಂದಿತ್ತು ಎಂದು ಆಮೇಲೆ ಗೊತ್ತಾಯಿತು. ಲೇಖನದಲ್ಲಿದ್ದ ವಿವರಕ್ಕೂ ಮಕ್ಕಳ ದಾಖಲೆಗೂ ತಾಳೆಯಾಗುತ್ತಿರಲಿಲ್ಲ. ಪತ್ರಕರ್ತ ಬ್ರಿಯಾನ್ ಡೀರ್ ವರ್ಷಗಟ್ಟಲೆ ಬೆನ್ನುಬಿದ್ದು ಇದನ್ನೆಲ್ಲ ಹೊರಗೆ ತಂದರು. 2010ರಲ್ಲಿ ಪತ್ರಿಕೆ ಲೇಖನವನ್ನು ಹಿಂಪಡೆಯಿತು. ಅದೇ ವರ್ಷ ವೇಕ್‌ಫೀಲ್ಡ್ ಹೆಸರು ವೈದ್ಯರ ಪಟ್ಟಿಯಿಂದಲೇ ಹೋಯಿತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಎಂಆರ್ ಹಾಕಿಸಿಕೊಂಡವರಲ್ಲಿ ಆಟಿಸಂ ಜಾಸ್ತಿ ಇರಲಿಲ್ಲ.

ಆದರೂ ಆ ಮಾತು ಸಾಯಲಿಲ್ಲ. ಅದಕ್ಕೆ ಕಾರಣ ಮಕ್ಕಳ ವಯಸ್ಸು. ಆಟಿಸಂನ ಲಕ್ಷಣಗಳು ಹೆತ್ತವರ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಒಂದು, ಎರಡು ವರ್ಷದ ಆಸುಪಾಸಿನಲ್ಲಿ. ಎಂಎಂಆರ್ ಹಾಕುವುದೂ ಆ ಹೊತ್ತಿಗೇ. ಹೋದ ತಿಂಗಳು ಸೂಜಿ ಚುಚ್ಚಿಸಿದ್ದು, ಈ ತಿಂಗಳು ಮಗು ಹೆಸರು ಕರೆದರೆ ತಿರುಗಿ ನೋಡುತ್ತಿಲ್ಲ. ತಾಯಿ ಕಣ್ಣಾರೆ ಕಂಡದ್ದು ಸುಳ್ಳಲ್ಲ. ಆದರೆ ಲಸಿಕೆ ಹಾಕಿಸದ ಮಕ್ಕಳಲ್ಲೂ ಅದೇ ವಯಸ್ಸಿಗೆ ಅದೇ ಆಗುತ್ತದೆ ಅನ್ನುವುದನ್ನು ಆಕೆ ನೋಡಿರುವುದಿಲ್ಲ, ಅಲ್ವಾ?

ಲಸಿಕೆಯ ವದಂತಿಗಳಲ್ಲಿ ಹೀಗೆ ಒಂದು ಚೂರು ನಿಜ ಇರುತ್ತದೆ. ಅದನ್ನು ಬಿಡಿಸಿ ತೋರಿಸದೆ "ಎಲ್ಲಾ ಸುಳ್ಳು" ಎಂದು ಬಾಯಿ ಮುಚ್ಚಿಸಿದರೆ ಏನಾಗುತ್ತದೆ? ಸಮೋವಾದ ಕಥೆ ನೋಡಿ.

ಶಾಂತಸಾಗರದ ಪುಟ್ಟ ದ್ವೀಪ ದೇಶ ಅದು, ಜನಸಂಖ್ಯೆ ಸುಮಾರು ಎರಡು ಲಕ್ಷ. 2018ರ ಜುಲೈನಲ್ಲಿ ಎಂಎಂಆರ್ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಎರಡು ಕೂಸುಗಳು ತೀರಿಕೊಂಡವು. ಈ ಲಸಿಕೆ ಬರುವುದು ಒಣ ಪುಡಿಯಾಗಿ. ಅದಕ್ಕೆಂದೇ ಕೊಟ್ಟ ಶುದ್ಧ ನೀರಿನಲ್ಲಿ ಕಲಸಿ ಚುಚ್ಚಬೇಕು. ಅಲ್ಲಿನ ನರ್ಸ್‌ಗಳು ನೀರಿನ ಬದಲು ಸ್ನಾಯುಗಳನ್ನು ಸಡಿಲಗೊಳಿಸುವ, ಅರಿವಳಿಕೆಗೆ ಬಳಸುವ ಔಷಧ ಬೆರೆಸಿಬಿಟ್ಟಿದ್ದರು. ಲಸಿಕೆಯಲ್ಲಿ ದೋಷ ಇರಲಿಲ್ಲ. ಆದರೆ ಇದು ತನಿಖೆ, ಕೋರ್ಟು ಎಲ್ಲ ಮುಗಿದು ಜನರಿಗೆ ತಲುಪುವಷ್ಟರಲ್ಲಿ ತಿಂಗಳುಗಳೇ ಉರುಳಿದವು. ಸರ್ಕಾರ ಎಂಎಂಆರ್ ಹಾಕುವುದನ್ನೇ ನಿಲ್ಲಿಸಿತ್ತು. ಆ ಮೌನದಲ್ಲಿ ಲಸಿಕೆ ವಿರೋಧಿಗಳು ತಮಗೆ ಬೇಕಾದ ಕಥೆ ಕಟ್ಟಿದರು. ಮೊದಲೇ ಕುಂಟುತ್ತಿದ್ದ ಕಾರ್ಯಕ್ರಮ ನೆಲಕಚ್ಚಿತು. ಆ ವರ್ಷ ದಡಾರ ಲಸಿಕೆ ತಲುಪಿದ್ದು 31% ಮಕ್ಕಳಿಗೆ ಮಾತ್ರ.

2019ರಲ್ಲಿ ದಡಾರ ಬಂತು. 5,700ಕ್ಕೂ ಹೆಚ್ಚು ಜನರಿಗೆ ಕಾಯಿಲೆ, 83 ಸಾವು. ಸತ್ತವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್‌ನಲ್ಲಿ ಸರ್ಕಾರಿ ಕಚೇರಿಗಳನ್ನು ಎರಡು ದಿನ ಮುಚ್ಚಿ ಲಸಿಕೆ ತಂಡಗಳು ಮನೆ ಮನೆಗೆ ಹೋದವು. ಲಸಿಕೆ ಆಗದವರು ಇರುವ ಮನೆಯವರು ಬಾಗಿಲ ಮುಂದೆ ಕೆಂಪು ಬಟ್ಟೆ ಕಟ್ಟಬೇಕಿತ್ತು. ಆ ಎರಡು ಸಾವಿನ ಕಾರಣವನ್ನು ಮೊದಲ ವಾರದಲ್ಲೇ ಬಿಡಿಸಿ ಹೇಳಿದ್ದರೆ ಎಷ್ಟೋ ಮಕ್ಕಳು ಉಳಿಯುತ್ತಿದ್ದರು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಲಸಿಕೆ ಸ್ವಲ್ಪ ಸಡಿಲವಾದರೂ ಮೊದಲು ಮರಳುವ ಕಾಯಿಲೆ ದಡಾರವೇ. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಅಂಟುತ್ತದೆ. ರೋಗಿ ಎದ್ದು ಹೋದ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆವರೆಗೂ ಉಳಿಯಬಲ್ಲದು. ಹಾಗಾಗಿಯೇ 95% ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು ಎನ್ನುವುದು. ಅದು 90ಕ್ಕೆ ಇಳಿದರೆ ಐದೇ ತಾನೇ ಕಮ್ಮಿ ಅನ್ನಿಸಬಹುದು. ರಕ್ಷಣೆ ಇಲ್ಲದ ಮಕ್ಕಳ ಕಡೆಯಿಂದ ಲೆಕ್ಕ ಹಾಕಿ: ಅವರು ದುಪ್ಪಟ್ಟಾದರು.

ಇನ್ನೊಂದು ಮಾತು ಆಗಾಗ ಓಡಾಡುತ್ತದೆ: "ಕಾಯಿಲೆ ಬಂದವರಲ್ಲಿ ಮುಕ್ಕಾಲು ಪಾಲು ಲಸಿಕೆ ಹಾಕಿಸಿಕೊಂಡವರೇ." ಇದು ನಿಜವೂ ಇರಬಹುದು! ಒಂದು ಸಾವಿರ ಮಕ್ಕಳಲ್ಲಿ 990 ಮಕ್ಕಳಿಗೆ ಎರಡು ಡೋಸ್ ಆಗಿದೆ ಎನ್ನೋಣ. ಎರಡು ಡೋಸ್ ನೂರಕ್ಕೆ ಸುಮಾರು 97 ಮಕ್ಕಳನ್ನು ಕಾಯುತ್ತದೆ. ಎಲ್ಲರಿಗೂ ಸೋಂಕು ತಗುಲಿದರೆ ಈ 990ರಲ್ಲಿ ಹತ್ತಿರಹತ್ತಿರ 30 ಮಕ್ಕಳಿಗೆ ಕಾಯಿಲೆ. ಲಸಿಕೆ ಆಗದ 10 ಮಕ್ಕಳಲ್ಲಿ ಹೆಚ್ಚುಕಮ್ಮಿ ಹತ್ತಕ್ಕೂ. ಒಟ್ಟು 40ರಲ್ಲಿ 30 ಅಂದರೆ ಮುಕ್ಕಾಲು ಪಾಲು. ಲಸಿಕೆ ಕಾದ 960 ಮಕ್ಕಳ ಸುದ್ದಿ ಆ ಮೆಸೇಜಿನಲ್ಲಿ ಇರುವುದೇ ಇಲ್ಲ.

ನಮ್ಮ ಕಡೆಯವರಿಗೂ ಒಂದು ಮಾತು ಹೇಳಲೇಬೇಕು. "ಏನೂ ಆಗಲ್ಲ, ಸುಮ್ನೆ ಹಾಕಿಸಿ" ಎನ್ನುವ ಮಾತು ವೈದ್ಯರ ಬಾಯಲ್ಲಿ ಬರಬಾರದು. ಎಂಎಂಆರ್ ಆಗಿ ಒಂದು ವಾರ, ಹತ್ತು ದಿನಕ್ಕೆ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಮೈಮೇಲೆ ಸಣ್ಣ ಗುಳ್ಳೆ ಏಳುತ್ತವೆ. ಮೂರು ನಾಲ್ಕು ಸಾವಿರ ಡೋಸ್‌ಗೆ ಒಂದರಂತೆ ಜ್ವರದ ಫಿಟ್ಸ್ ಕಾಣಿಸಬಹುದು. ನೋಡಲು ಎದೆ ನಡುಗಿಸುತ್ತದೆ, ಆದರೆ ಸಾಮಾನ್ಯವಾಗಿ ಮಗುವಿಗೆ ಶಾಶ್ವತ ತೊಂದರೆ ಮಾಡುವುದಿಲ್ಲ. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸ್‌ಗೆ ಒಂದರ ಆಸುಪಾಸು. ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಕೂತು ಹೋಗಿ ಅನ್ನುವುದು ಅದಕ್ಕೇ. ಪಕ್ಕದಲ್ಲೇ ಇದನ್ನೂ ಹೇಳಬೇಕು: ದಡಾರ ಬಂದ ಸಾವಿರ ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮಿದುಳಿಗೆ ಬಾವು ಬರುತ್ತದೆ. ಇದನ್ನೆಲ್ಲ ಮೊದಲೇ ಕೇಳಿಸಿಕೊಂಡ ತಾಯಿ ಎಂಟನೇ ದಿನ ಜ್ವರ ಬಂದಾಗ ನಮಗೇ ಫೋನ್ ಮಾಡುತ್ತಾರೆ. ಕೇಳಿರದ ತಾಯಿ ಇನ್ನೆಲ್ಲೋ ಉತ್ತರ ಹುಡುಕುತ್ತಾರೆ.

ಹೆದರಿಕೊಂಡು ಡೋಸ್ ತಪ್ಪಿಸಿದ್ದರೆ ಮುಜುಗರ ಬೇಡ, ಬನ್ನಿ. ಬಿಟ್ಟುಹೋದ ಎಂಎಂಆರ್ ಡೋಸ್ ಆಮೇಲೆ ಹಾಕಿಸಬಹುದು. ಒಂದು ಆಗಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ಉಳಿದದ್ದು ಹಾಕಿದರೆ ಸಾಕು. ಕಾರ್ಡ್ ಕಳೆದುಹೋಗಿ ಎಷ್ಟು ಆಗಿದೆಯೋ ನೆನಪಿಲ್ಲವೇ? ಒಂದು ಡೋಸ್ ಜಾಸ್ತಿಯಾದರೂ ಮಗುವಿಗೆ ತೊಂದರೆಯಿಲ್ಲ. ಆದರೆ ಮಗು ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಅಂಥ ಮಕ್ಕಳಿಗೆ ಈ ಲಸಿಕೆ ಕೊಡುವಂತಿಲ್ಲ. ಆ ಮನೆಯ ಉಳಿದವರೆಲ್ಲರಿಗೂ ಆಗಿದೆಯೇ ಎಂದು ಅದೇ ದಿನ ನೋಡಬೇಕು.