ಕಡಿಮೆ ಖರ್ಚಿನ ಕೋಳಿಗೂಡು: ಗೋಡೆಯಲ್ಲಿ ಉಳಿಸಿ, ಬಲೆಯಲ್ಲಿ ಬೇಡ

ಗೂಡು ಎಂದಕೂಡಲೇ ನಾಲ್ಕು ಗೋಡೆ ಎಬ್ಬಿಸುವ ಲೆಕ್ಕ ಶುರುವಾಗುತ್ತದೆ. ಕೋಳಿಗೆ ಅಷ್ಟು ಗೋಡೆ ಬೇಕಿಲ್ಲ. ಅದರ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ಮೇಲೆ ಗರಿಯ ಹೊದಿಕೆ ಬೇರೆ. ಬೆಳೆದ ಕೋಳಿ ಚಳಿಯನ್ನು ಹೇಗೋ ತಡೆದೀತು, ಸೆಕೆ ತಡೆಯದು. ಬೆವರುವ ಗ್ರಂಥಿಗಳಿಲ್ಲದ್ದರಿಂದ ಕೊಕ್ಕು ತೆರೆದು ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಗೂಡಿನ ಗಾಳಿಯಲ್ಲಿ ತೇವ ತುಂಬಿಕೊಂಡಿದ್ದರೆ ಆ ಉಪಾಯವೂ ನಡೆಯುವುದಿಲ್ಲ.

ಹಗಲು ಹೊರಗೆ ಮೇಯ್ದು ರಾತ್ರಿ ಒಳಗೆ ಬರುವ 12 ಕೋಳಿಗೆ 6 ಅಡಿ ಉದ್ದ, 4 ಅಡಿ ಅಗಲ ಸಾಕು. ಇಡೀ ದಿನ ಕೂಡಿಹಾಕುವುದಾದರೆ ಇದೇ ಜಾಗದಲ್ಲಿ 6 ಕೋಳಿ ಮಾತ್ರ. ಮಿತಿಮೀರಿ ತುಂಬಿದರೆ ಒಂದರ ಗರಿಯನ್ನು ಇನ್ನೊಂದು ಕೀಳತೊಡಗುತ್ತದೆ. ಎತ್ತರ ಮುಂದೆ 6 ಅಡಿ, ಹಿಂದೆ 5 ಅಡಿ. ತಗ್ಗು ಗೂಡಿಗೆ ಸಾಮಾನು ಕಡಿಮೆ ಸಾಕು, ನಿಜ. ಆದರೆ ನಡು ಬಗ್ಗಿಸಿ ಗುಡಿಸಬೇಕಾದ ಗೂಡು ಎಂದೂ ಚೊಕ್ಕಟವಾಗಿರುವುದಿಲ್ಲ.

ನೀರು ನಿಲ್ಲದ ಕಡೆ ಮಣ್ಣು ತುಂಬಿ ಒಂದಡಿ ಎತ್ತರಿಸಿ, ಗಟ್ಟಿಯಾಗಿ ಧಮ್ಮಸ್ಸು ಮಾಡಿ. ಕಂಬಗಳನ್ನು ಒಂದೂವರೆ ಅಡಿ ಹೂಳಬೇಕು. ಹೂಳುವ ಭಾಗಕ್ಕೆ ಡಾಂಬರು ಬಳಿಯಿರಿ. ಬಿದಿರಾದರೆ ಟೊಳ್ಳು ತುದಿಗಳನ್ನು ಗಾರೆಯಿಂದ ಮುಚ್ಚಿ, ಇಲ್ಲವಾದರೆ ಹುಳುಗಳಿಗೆ ಅದೇ ಮನೆ. ಗೋಡೆ ಒಂದಡಿ ಸಾಕು, ಮೇಲೆಲ್ಲ ಬಲೆ. ಮಳೆ ಹೊಡೆಯುವ ಕಡೆ ಗೋಣಿಯ ಪರದೆ ಇರಲಿ. ಅದರ ಕೆಳತುದಿಯನ್ನು ಬಿಗಿದು, ಮೇಲಿಂದ ಕೆಳಕ್ಕೆ ತೆರೆಯುವಂತೆ ಕಟ್ಟಿ. ಆಗ ಬಿಸಿ, ತೇವದ ಗಾಳಿ ಮೇಲಿನಿಂದ ಹೊರಹೋಗುತ್ತದೆ. ಗಾಳಿ ನೇರ ಕೋಳಿಗಳಿಗೆ ಹೊಡೆಯುವುದಿಲ್ಲ.

ಜೇನುಗೂಡಿನಂಥ ಆರು ಮೂಲೆಯ ಕಣ್ಣಿನ ಅಗ್ಗದ ಬಲೆ ಕೋಳಿಯನ್ನು ಒಳಗಿಡುತ್ತದೆ ಅಷ್ಟೆ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ, ಸತು ಲೇಪಿಸಿದ ವೆಲ್ಡ್ ಬಲೆಯನ್ನೇ ತನ್ನಿ. ಈ ಅಳತೆಯ ಗೂಡಿನ ಸುತ್ತಲಿಗೆ 90 ಚದರಡಿ ಬೇಕು. ಅಗೆದು ನುಗ್ಗುವ ಪ್ರಾಣಿಗಳಿಗಾಗಿ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಅಗಲದ ಬಲೆ ಹಾಸಿ ಮಣ್ಣು ಮುಚ್ಚಲು ಇನ್ನೂ 40. ಗೋಡೆಯ ಬುಡದಲ್ಲೇ ಅಗೆಯುವ ಪ್ರಾಣಿಗೆ ಬಲೆ ಅಡ್ಡ ಸಿಗುತ್ತದೆ. ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಬಲೆಗೆ ಬರೀ ಯು ಮೊಳೆ ಹೊಡೆದರೆ ಎಳೆತಕ್ಕೆ ಕಿತ್ತುಬರುತ್ತದೆ, ಮೇಲೊಂದು ಮರದ ಪಟ್ಟಿ ಕೂರಿಸಿ.

ತಗಡಿನ ಮಾಡು ಹಗಲು ಕಾದು ಬಿಸಿಯಾಗುತ್ತದೆ. ಬೆಳಗಿನ ಜಾವ ಕೋಳಿಗಳ ಉಸಿರಿನ ಆವಿ ತಣ್ಣನೆಯ ತಗಡಿನ ಒಳಮೈಗೆ ತಾಗಿ ಹನಿಯಾಗಿ, ನೆಲಕ್ಕೆ ಹರಡಿದ ಹೊಟ್ಟಿನ ಹಾಸಿನ ಮೇಲೆ ಬೀಳುತ್ತದೆ. ತಗಡಿನ ಮೇಲೆ ಹುಲ್ಲು ಹೊದಿಸಿದರೆ ಎರಡೂ ತಾಪತ್ರಯ ತಗ್ಗುತ್ತವೆ.

ಹಾಸು ಒದ್ದೆಯಾದರೇನಾಗುತ್ತದೆ? ಕೋಳಿ ಬೇರೆಯಾಗಿ ಉಚ್ಚೆ ಹೊಯ್ಯುವುದಿಲ್ಲ. ಹಿಕ್ಕೆಯ ಮೇಲಿನ ಬಿಳಿ ಭಾಗವೇ ಯೂರಿಕ್ ಆಮ್ಲ. ತೇವ ಸಿಕ್ಕರೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ ದಾಟಿದರೆ ಕೋಳಿಯ ಕಣ್ಣು, ಶ್ವಾಸನಾಳಕ್ಕೆ ಕೇಡು. ನಿಂತು ಮೂಸಿದರೆ ಗೊತ್ತಾಗದು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕುಕ್ಕರಗಾಲಲ್ಲಿ ಕೂತು ನೋಡಿ, ಕಣ್ಣು ಉರಿದರೆ ಕೆಲಸ ಕೆಟ್ಟಿದೆ. ಭತ್ತದ ಹೊಟ್ಟನ್ನೋ ಮರದ ಹೆರೆಯನ್ನೋ 4 ಇಂಚು ದಪ್ಪ ಹಾಸಿ, ವಾರಕ್ಕೊಮ್ಮೆಯಾದರೂ ಕೆದಕಿ. ಒಂದು ಹಿಡಿ ಹಾಸನ್ನು ಹಿಂಡಿ ಕೈ ಬಿಚ್ಚಿದಾಗ ಉಂಡೆಯಾಗಿಯೇ ನಿಂತರೆ ಅದು ಒದ್ದೆ. ಆ ಭಾಗ ತೆಗೆದು ಒಣ ಹಾಸು ಹಾಕಿ. ಅಂಟಿದಂತಾಗಿ ಉದುರಿದರೆ ಸರಿ. ಬರೀ ದೂಳಾದರೂ ಒಳ್ಳೆಯದಲ್ಲ. ಹೆಚ್ಚಿನ ಕಡೆ ತಪ್ಪು ನೀರಿನ ಪಾತ್ರೆಯದೇ: ಅದರ ಅಂಚು ಕೋಳಿಯ ಬೆನ್ನಿನ ಎತ್ತರಕ್ಕಿದ್ದರೆ ಚೆಲ್ಲುವುದು ಕಡಿಮೆ.

ಮೊಟ್ಟೆಯಿಡಲು ಒಂದಡಿ ಉದ್ದ, ಅಗಲ, ಎತ್ತರದ ಮೂರು ಪೆಟ್ಟಿಗೆ, ನೆಲದಿಂದ ಒಂದಡಿ ಮೇಲೆ. ಕೂರುವ ಕೋಲು 2 ಅಡಿ ಎತ್ತರದಲ್ಲಿ. ಪೆಟ್ಟಿಗೆ ಕೋಲಿಗಿಂತ ಎತ್ತರವಾದರೆ ಕೋಳಿಗಳು ಅದರಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ. ತಲೆಗೆ 8 ಇಂಚಿನಂತೆ ಒಟ್ಟು 8 ಅಡಿ ಕೋಲು ಬೇಕು. 6 ಅಡಿಯ ಎರಡನ್ನು ಒಂದೇ ಎತ್ತರದಲ್ಲಿ, ನಡುವೆ ಒಂದಡಿ ಬಿಟ್ಟು ಇಡಿ. ಮೇಲೆ ಕೆಳಗೆ ಮಾಡಿದರೆ ಮೇಲಿನದಕ್ಕೆ ದಿನಾ ಜಗಳ. 2 ಇಂಚು ದಪ್ಪದ, ಅಂಚು ಕೆತ್ತಿ ದುಂಡಗೆ ಮಾಡಿದ ಮರ ಒಳ್ಳೆಯದು. ಪ್ಲಾಸ್ಟಿಕ್ ಪೈಪಿನ ಮೇಲೆ ಕಾಲು ಜಾರುತ್ತದೆ.

ಕೋಲಿಗೆ ಮೊಳೆ ಹೊಡೆಯಬೇಡಿ, ಮರದಲ್ಲಿ ಕೊರೆದ ಕಚ್ಚಿನಲ್ಲಿ ಕೂರಿಸಿ. ರಕ್ತ ಹೀರುವ ಕೆಂಪು ನುಸಿಗಳು ಹಗಲು ಅದರ ತುದಿಯ ಸಂದಿನಲ್ಲಿ ಅಡಗಿದ್ದು ರಾತ್ರಿ ಕೋಳಿಯ ಮೈಗೆ ಹತ್ತುತ್ತವೆ. ಕೋಲೆತ್ತಿ ಸಂದಿಗೆ ಬಿಳಿ ಕಾಗದ ಉಜ್ಜಿದಾಗ ಕೆಂಪು ಗೀರು ಮೂಡಿದರೆ, ಕೋಲನ್ನು ಹೊರತೆಗೆದು ಕುದಿಯುವ ನೀರು ಹೊಯ್ದು ಬಿಸಿಲಿಗೆ ಒಣಗಿಸಿ. ಕಚ್ಚಿಗೂ ಕುದಿನೀರು ಬಿಟ್ಟು, ಒಣಗಿದ ಮೇಲೆ ಸುಣ್ಣ ಬಳಿಯಿರಿ.